ಐದನೆಯ ಮೆಟ್ಟಿಲಿನ ಅಣ್ಣ

ಕುರೆ
2018 ನವೆಂಬರ್ 5

ಅಣ್ಣನಿಗೆ,

ಮಾರ್ಚ್ 31ಕ್ಕೆ ಸ್ನಾನಮನೆ ಮುಚ್ಚುತ್ತಿದ್ದೇನೆ. ಬಾಯ್ಲರಿಗೆ ನನಗಿಂತ ವಯಸ್ಸಾಗಿದೆ, ನನ್ನ ಮೊಣಕಾಲಿಗೆ ಬಾಯ್ಲರಿಗಿಂತ ವಯಸ್ಸಾಗಿದೆ. ಮೀಯಲು ಬರುವ ಊರವರಿಗಾಗಿ ಬಾಗಿಲಿಗೆ ಒಂದು ನೋಟೀಸು ಹಾಕಬೇಕು. ಇಂಥದ್ದನ್ನೆಲ್ಲ ಬರೆಯುವುದು ನಿನ್ನ ಕಸುಬು, ಅದಕ್ಕೇ ಕೇಳುತ್ತಿದ್ದೇನೆ. ಬೇರೆ ಏನೂ ಇಲ್ಲ.

ಉದ್ದ ಬೇಡ. ಓದುವವರು ಕಂಕುಳಲ್ಲಿ ಟವೆಲ್ಲು ಇಟ್ಟುಕೊಂಡು ಚಳಿಯಲ್ಲಿ ನಿಂತಿರುತ್ತಾರೆ.

ಫುಸಾಯೆ


ಒಕಾಯಾಮಾ
ನವೆಂಬರ್ 12

ಪ್ರೀತಿಯ ತಂಗಿ ಫುಸಾಯೆಗೆ,

ಎದುರು ಮನೆಯವರು ಹಕ್ಕಿಗಳಿಗೆಂದು ಮರದ ತುದಿಯಲ್ಲಿ ಉಳಿಸಿದ ಒಂದೇ ಒಂದು ಕಾಕಿ ಹಣ್ಣು ಇಳಿಬಿಸಿಲಿನಲ್ಲಿ ದೀಪದಂತೆ ತೂಗುತ್ತಿರುವ ಈ ದಿನಗಳಲ್ಲಿ ನೀನು ಕ್ಷೇಮವೆಂದು ನಂಬಿದ್ದೇನೆ. ನನ್ನ ಬೆನ್ನುನೋವೊಂದನ್ನು ಬಿಟ್ಟರೆ ಇಲ್ಲಿ ನಾವೂ ಕ್ಷೇಮ; ಬೆನ್ನುನೋವೂ ತನ್ನ ಮಟ್ಟಿಗೆ ಕ್ಷೇಮವಾಗಿಯೇ ಇದೆ.

ನಿನ್ನ ಕಾರ್ಡನ್ನು ಮೂರು ಸಲ ಓದಿದೆ. ಆರು ವರ್ಷಗಳಿಂದ ನಮ್ಮಿಬ್ಬರ ನಡುವೆ ಓಡಾಡಿದ್ದು ಹೊಸ ವರ್ಷದ ಕಾರ್ಡು ಮಾತ್ರ. ನಿನ್ನದೂ ಅಚ್ಚು ಹಾಕಿಸಿದ್ದು, ನನ್ನದೂ ಅಚ್ಚು ಹಾಕಿಸಿದ್ದು. ಎರಡರಲ್ಲೂ ಒಂದೇ ಸಾಲು: ‘ಈ ವರ್ಷವೂ ತಮ್ಮ ಕೃಪೆ ನಮ್ಮ ಮೇಲಿರಲೆಂದು ಬೇಡಿಕೊಳ್ಳುತ್ತೇವೆ.’ ನೀನು ನನ್ನ ಕೃಪೆ ಬೇಡಿದೆ, ನಾನು ನಿನ್ನ ಕೃಪೆ ಬೇಡಿದೆ. ಅಚ್ಚಿನ ಮನೆಯವನು ಇಬ್ಬರ ಕೃಪೆಯಿಂದಲೂ ಬದುಕಿಕೊಂಡ. ಈ ಸಲ ನಿನ್ನ ಕೈಬರಹ ಕಂಡಾಗ, ಅದು ನಿನ್ನದೇ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇದು ನಾಚಿಕೆಯ ವಿಷಯ, ಆದರೂ ಬರೆದಿದ್ದೇನೆ.

ನೋಟೀಸಿನ ವಿಷಯಕ್ಕೆ ಬರುತ್ತೇನೆ. ನಿನಗೆ ತಿಳಿದಂತೆ, ಇಲ್ಲಿಯ ಏಳು ಮಹಡಿಯ ಅಂಗಡಿಯೊಂದರಲ್ಲಿ ಮೂವತ್ತೆರಡು ವರ್ಷ ನಾನು ಹೊಸದಾಗಿ ಸೇರಿದವರಿಗೆ ಗಿರಾಕಿಗಳೊಂದಿಗೆ ಮಾತಾಡುವುದನ್ನು ಕಲಿಸಿದೆ. ನಿನಗೆ ತಿಳಿಯದ ಸಂಗತಿಯೆಂದರೆ, ಆ ಪಾಠ ನಡೆಯುತ್ತಿದ್ದದ್ದು ಸಾಮಾನು ಇಳಿಸುವ ಹಿಂಬಾಗಿಲ ಮೆಟ್ಟಿಲುಗಳ ಮೇಲೆ. ಐದು ಮೆಟ್ಟಿಲು. ಮೊದಲನೆಯದರ ಮೇಲೆ ನಿಂತವರು ‘ಕೊಡೆ ಕೊಡು’ ಅನ್ನಬೇಕು. ಎರಡನೆಯದರಲ್ಲಿ ‘ಕೊಡೆ ಕೊಡಿ’. ಮೂರನೆಯದರಲ್ಲಿ ‘ಕೊಡೆ ಕೊಡ್ತೀರಾ?’ ನಾಲ್ಕನೆಯದರಲ್ಲಿ ‘ದಯವಿಟ್ಟು ಕೊಡೆ ಕೊಡಲು ಸಾಧ್ಯವಾಗುತ್ತದೆಯೇ?’ ಐದನೆಯದರ ಮೇಲೆ, ಕೈಗಳನ್ನು ಮುಂದೆ ಜೋಡಿಸಿ, ಸೊಂಟ ಬಾಗಿಸಿ, ‘ತಮ್ಮ ಕೊಡೆಯ ಆಶ್ರಯವನ್ನು ಕ್ಷಣಕಾಲ ಬೇಡುವುದು ಅಧಿಕಪ್ರಸಂಗವೆನಿಸದೆ ಇರಬಹುದೇನೋ ಎಂದು...’ ಈ ವಾಕ್ಯವನ್ನು ಮುಗಿಸಬಾರದು. ಮುಗಿಸಿದರೆ ಕೇಳಿದಂತಾಗುತ್ತದೆ. ಹರುಯೊ ಹೇಳುವುದೇನೆಂದರೆ, ನಾನು ಐದನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಳೆಯೇ ನಿಂತಿರುತ್ತದೆಯಂತೆ. ಹೆಂಡತಿಯರು ಇಂಥ ಶಾಸ್ತ್ರಗಳನ್ನು ಗೌರವಿಸುವುದಿಲ್ಲ.

ನಿನ್ನ ನೋಟೀಸನ್ನು ಐದನೆಯ ಮೆಟ್ಟಿಲಿನಿಂದ ಬರೆದಿದ್ದೇನೆ:

‘ಎಲೆಗಳು ಬಣ್ಣ ತಿರುಗುವ ಈ ಋತುವಿನಲ್ಲಿ ಮಾನ್ಯ ಗ್ರಾಹಕರು ಸರ್ವಸುಖದಿಂದಿರುವುದು ನಮಗೆ ಪರಮ ಸಂತೋಷ. ಅರವತ್ತೊಂಬತ್ತು ವರ್ಷ ತಮ್ಮ ಅಪಾರ ಕೃಪೆಯಲ್ಲಿ ಮಿಂದ ಮಿಸಾಗೊ ಸ್ನಾನಮನೆಯು, ಕೇವಲ ತನ್ನ ಸ್ವಾರ್ಥದಿಂದ, ಅತ್ಯಂತ ಸಂಕೋಚದಿಂದ, ಬರುವ ಮಾರ್ಚ್ ತಿಂಗಳ ಕೊನೆಯ ದಿನವನ್ನು ಒಂದು ತಿರುವಾಗಿ ಸ್ವೀಕರಿಸುವ ಭಾಗ್ಯವನ್ನು ತಮ್ಮಿಂದ ಬೇಡುತ್ತ, ಮುಂದೆಯೂ ತಮ್ಮ ಎಂದಿನ...’

‘ಮುಚ್ಚುತ್ತೇವೆ’ ಎಂಬ ಒರಟು ಮಾತು ಎಲ್ಲಿಯೂ ಬಾರದಂತೆ ನೋಡಿಕೊಂಡಿದ್ದೇನೆ. ಅದಕ್ಕೆ ಮೂರು ದಿನ ಹಿಡಿಯಿತು.

‘ಬೇರೆ ಏನೂ ಇಲ್ಲ’ ಎಂದಿದ್ದೀಯೆ. ನನ್ನ ಕಡೆ ಬೇರೆ ಒಂದು ಇದೆ. ಅದನ್ನು ಹೇಳಲು ತಕ್ಕ ಋತು ಬರಲೆಂದು ಕಾಯುತ್ತಿದ್ದೇನೆ.

ಚಳಿಯಲ್ಲಿ ಮೈ ಜೋಪಾನ ಎಂದು ಕೋರುವ,
ಅಣ್ಣ ಕುನಿಮಿತ್ಸು


ಕುರೆ
ನವೆಂಬರ್ 28

ಅಣ್ಣನಿಗೆ,

ಹವಾಮಾನ ಇಲ್ಲೂ ಇದೆ.

ನೋಟೀಸು ಹಾಕಿದೆ. ಮೀನಂಗಡಿಯ ಕುವಾದಾ ಅದರ ಮುಂದೆ ನಿಂತು ಎರಡು ಸಲ ಓದಿ, ಒಳಗೆ ಬಂದು ನನಗೆ ಅಭಿನಂದನೆ ಹೇಳಿದರು. ಹೊಸ ಕಟ್ಟಡ ಕಟ್ಟಿಸುತ್ತಿದ್ದೇನೆ ಅಂದುಕೊಂಡಿದ್ದಾರೆ. ಒಬ್ಬ ಅಜ್ಜಿ ಮನೆಗೆ ಹೋಗಿ ಮಗನನ್ನು ಕರೆತಂದಳು: ಸ್ನಾನಮನೆಯವರು ನಮ್ಮ ಹತ್ತಿರ ಏನೋ ಬೇಡುತ್ತಿದ್ದಾರೆ, ಏನು ಕೊಡಬೇಕು ನೋಡು ಅಂತ. ನಾಲ್ಕನೇ ದಿನ ಅದನ್ನು ಕಿತ್ತು, ಕುಂಚ ತೆಗೆದುಕೊಂಡು ನಾನೇ ಬರೆದೆ. ‘ಮಾರ್ಚ್ 31ಕ್ಕೆ ಮುಚ್ತೀವಿ. ಅಷ್ಟರೊಳಗೆ ಬಂದು ಮಿಂದುಕೊಂಡು ಹೋಗಿ.’ ಅವತ್ತು ಸಂಜೆ ಆರು ಜನ ಅತ್ತರು. ನಿನ್ನದಕ್ಕೆ ಒಬ್ಬರೂ ಅತ್ತಿರಲಿಲ್ಲ.

ನಾನು ಆಡಿದ್ದನ್ನು ನೀನು ತಿದ್ದಿದೆ, ನೀನು ಬರೆದಿದ್ದನ್ನು ನಾನು ತಿದ್ದಿದೆ, ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡ. ನಿನ್ನದು ಗೋಡೆಯ ಮೇಲಿನ ಕಾಗದ. ನನ್ನದು ನನ್ನ ಗಂಡನ ಸಾವು. ಇದೇ ಸ್ನಾನಮನೆಯ ಬಟ್ಟೆ ಬದಲಿಸುವ ಹಾಲಿನಲ್ಲಿ ಅರವತ್ತು ಜನ ಕೂತಿದ್ದರು. ಹಿಂದಿನ ದಿನವೆಲ್ಲ ನಿಂತು ಬೇಯಿಸಿದ ಮೂಲಂಗಿ, ಮೊಟ್ಟೆ, ಮೀನುಂಡೆಯ ಸಾರು ದೊಡ್ಡ ಕೊಳದಪ್ಪಲೆಯಲ್ಲಿ ಕುದಿಯುತ್ತಿತ್ತು. ನನಗೆ ಬಂದಂತೆ ಎರಡು ಮಾತು ಹೇಳಿದೆ. ನೀನು ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡೆ. ತಂಗಿಯ ಮಾತಿನ ಹದ ತಪ್ಪಿದೆ, ಅವಳ ಪರವಾಗಿ ಸರಿಯಾಗಿ ವಿನಂತಿಸುತ್ತೇನೆ ಅಂದೆ. ವಿನಂತಿಸಿದೆ ಕೂಡ. ಅಷ್ಟು ಎತ್ತರದಿಂದ ಬಂದ ವಿನಂತಿಗೆ ಮರ್ಯಾದಸ್ಥರು ಏನು ಮಾಡುತ್ತಾರೆ? ‘ಬೇಡ ಬೇಡ, ತಮಗೆ ತೊಂದರೆ’ ಅಂತ ಬಗ್ಗಿ ನಮಸ್ಕಾರ ಮಾಡಿ ಎಲ್ಲರೂ ಎದ್ದು ಹೋದರು. ಒಬ್ಬರೂ ಬಟ್ಟಲು ಮುಟ್ಟಲಿಲ್ಲ. ಆ ಸಾರನ್ನು ನಾನು ಒಬ್ಬಳೇ ನಾಲ್ಕು ದಿನ ತಿಂದೆ, ಅಣ್ಣ.

ಚಿಕ್ಕವರಿದ್ದಾಗ ಇದೇ ಸ್ನಾನಮನೆಗೆ ಬರುತ್ತಿದ್ದೆವು. ಅಪ್ಪನ ಜೊತೆ ನೀನು ಗಂಡಸರ ಕಡೆ, ಅಮ್ಮನ ಜೊತೆ ನಾನು ಹೆಂಗಸರ ಕಡೆ, ನಾಲ್ವರಿಗೆ ಒಂದೇ ಸೋಪು. ನಮ್ಮದು ಮುಗಿಯಿತೋ ಇಲ್ಲವೋ ಚಾವಣಿ ಮುಟ್ಟದ ನಡುಗೋಡೆಯ ಆಚೆಯಿಂದ ನೀನು ‘ಸೋಪು ಎಸಿಯೇ’ ಅಂತ ಕೂಗುತ್ತಿದ್ದೆ. ನಾನು ಎಸೆಯುತ್ತಿದ್ದೆ. ಆಗ ಯಾವ ಮೆಟ್ಟಿಲ ಮೇಲೆ ನಿಂತಿದ್ದೆ?

ತಮೊತ್ಸು ಹೋಗಿ ಆರು ವರ್ಷ ತುಂಬುತ್ತಿದೆ, ಡಿಸೆಂಬರ್ 16ಕ್ಕೆ ಅವರ ಏಳನೆಯ ವರ್ಷದ ಸ್ಮರಣೆ ಇಟ್ಟುಕೊಂಡಿದ್ದೇವೆ. ತಾವು ಈ ಕಡೆಗೆ ಬರುವ ಸಂದರ್ಭವೇನಾದರೂ ಒದಗಿದಲ್ಲಿ, ನಮ್ಮ ಬಡ ಮನೆಗೆ ಪಾದ ಬೆಳೆಸುವ ಕೃಪೆ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.

ಫುಸಾಯೆ


ಒಕಾಯಾಮಾ
ಡಿಸೆಂಬರ್ 20

ಪ್ರೀತಿಯ ಫುಸಾಯೆಗೆ,

ವರ್ಷದ ಕೊನೆಯ ಗುಡಿಸು-ಒರೆಸುಗಳಲ್ಲಿ ಊರೆಲ್ಲ ಮುಳುಗಿರುವ ಈ ದಿನಗಳಲ್ಲಿ ನಿನ್ನ ಬಿಡುವನ್ನು ಕದಿಯುತ್ತಿರುವುದಕ್ಕೆ ಸಂಕೋಚಪಡುತ್ತೇನೆ.

ಹದಿನಾರರಂದು ಇಲ್ಲಿಂದಲೇ ಪಶ್ಚಿಮಕ್ಕೆ ತಿರುಗಿ ತಮೊತ್ಸು ಅವರಿಗೆ ಕೈಮುಗಿದೆ. ಅಂಚೆಯಲ್ಲಿ ಕಳಿಸಿದ ಊದುಬತ್ತಿಯ ಪೆಟ್ಟಿಗೆ ತಲುಪಿರಬಹುದು.

ನಿನ್ನ ಪತ್ರದ ಕೊನೆಯ ಸಾಲಿನ ಸೌಜನ್ಯಕ್ಕೆ ಮನಸ್ಸು ತುಂಬಿ ಬಂತು. ಅಷ್ಟೆಲ್ಲ ಕೋಪದ ಮಾತಿನ ನಂತರವೂ ನೀನು ಬಾಗಿಲನ್ನು ಸದ್ದಾಗದಂತೆ ಮುಚ್ಚಿದೆ. ಅದು ನಿಜವಾದ ಸಂಸ್ಕಾರ. ‘ಈ ಕಡೆಗೆ ಬರುವ ಸಂದರ್ಭ ಒದಗಿದಲ್ಲಿ’ ಎಂಬ ಸಾಲು ನಾನು ಅಂಗಡಿಗೆ ಬರೆದುಕೊಟ್ಟ ಕೈಪಿಡಿಯ ನಲವತ್ತೊಂದನೆಯ ಪುಟದಲ್ಲಿದೆ. ಮನೆ ಬದಲಿಸಿದವರೆಲ್ಲ ಊರಿಗೆಲ್ಲ ಹಂಚುವ ಕಾರ್ಡಿನಲ್ಲಿ ಅದನ್ನು ಬರೆಯುತ್ತಾರೆ. ಅದನ್ನು ನಂಬಿ ಯಾರಾದರೂ ನಿಜವಾಗಿಯೂ ಬಂದುಬಿಟ್ಟರೆ ಪರದೆಯ ಹಿಂದೆ ಅಡಗುತ್ತಾರೆ. ಬರಬೇಡಿ ಎಂಬುದನ್ನು ಇಷ್ಟು ಮೃದುವಾಗಿ ಹೇಳಬಲ್ಲ ಮಾತು ನಮ್ಮಲ್ಲಿ ಇನ್ನೊಂದಿಲ್ಲ.

ಹರುಯೊಗೆ ಇದು ಅರ್ಥವಾಗಲಿಲ್ಲ. ತಂಗಿ ಕರೆದಿದ್ದಾಳೆ, ಹೊರಡಿ ಅಂದಳು. ನಲವತ್ತೊಂದನೆಯ ಪುಟವನ್ನು ತೆರೆದು ತೋರಿಸಿದೆ. ಅವಳು ಚಹಾದ ಬಟ್ಟಲನ್ನು ನನ್ನ ಮುಂದೆ ಇಟ್ಟು ಹೋದಳು. ಇಟ್ಟ ಸದ್ದು ಸ್ವಲ್ಪ ಜೋರಾಗಿತ್ತು.

ನಿನಗೆ ಮುಜುಗರ ಮಾಡದೆ ಉಳಿದೆ ಎಂಬ ಸಮಾಧಾನದಿಂದ,
ಅಣ್ಣ ಕುನಿಮಿತ್ಸು


ಕುರೆ
ಡಿಸೆಂಬರ್ 27

ಅಣ್ಣನಿಗೆ,

ಊದುಬತ್ತಿ ಬಂತು.

ಹದಿನಾರರಂದು ಊಟಕ್ಕೆ ಹನ್ನೊಂದು ಜನ ಇದ್ದರು. ಕೂರಲು ಹನ್ನೆರಡು ದಿಂಬು ಹಾಕಿದ್ದೆ. ಭಿಕ್ಷುಗಳು ಮಂತ್ರ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಕಾಯೋಣ ಅಂದೆ. ಯಾರಿಗೆ ಅಂತ ಕುವಾದಾ ಕೇಳಿದರು. ಚಹಾ ಇನ್ನೊಂದು ಸುತ್ತು ಬಗ್ಗಿಸಿದೆ.

ನಾನು ಆಡುವ ಹಾಗೆ ಕರೆದರೆ ಮತ್ತೆ ತಿದ್ದುತ್ತೀಯೆ ಅಂತ ಆ ಸಾಲನ್ನು ನಿನ್ನ ಹಾಗೆ ಬರೆದೆ. ಪತ್ರ ಬರೆಯುವುದನ್ನು ಕಲಿಸುವ ಪುಸ್ತಕ ತಂದು, ನೋಡಿ, ನಾಲ್ಕು ಹಾಳೆ ಹರಿದು ಬರೆದೆ. ನಿನ್ನ ಭಾಷೆಯಲ್ಲಿ ಕೇಳಿದರೆ ನಿನಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೆ.

ಈ ಸಲ ಹೊಸ ವರ್ಷದ ಕಾರ್ಡು ಕಳಿಸುವುದಿಲ್ಲ.

ಫುಸಾಯೆ


ಒಕಾಯಾಮಾ
2019 ಜನವರಿ 21

ಫುಸಾಯೆ,

ಋತುವಿನ ಬಗ್ಗೆ ಏನೂ ಬರೆಯುವುದಿಲ್ಲ.

ನಿನ್ನ ಕಾರ್ಡು ಬಂದು ಮೂರು ವಾರ ದಾಟಿತು. ಅಷ್ಟು ದಿನವೂ ಉತ್ತರ ಬರೆದು ಹರಿದೆ. ಒಂದು ವಿಷಯ ಕಂಡುಕೊಂಡೆ. ಅಂಗಡಿಯ ಕೈಪಿಡಿಯಲ್ಲಿ ಕ್ಷಮೆ ಕೇಳುವ ಹದಿನಾಲ್ಕು ವಿಧಗಳಿವೆ. ಹದಿನಾಲ್ಕನ್ನೂ ನಾನೇ ಬರೆದದ್ದು. ಈಗ ಒಂದೊಂದಾಗಿ ಓದಿ ನೋಡಿದೆ. ಹದಿನಾಲ್ಕರಲ್ಲಿ ಒಂದರಲ್ಲೂ ‘ನಾನು ಮಾಡಿದೆ’ ಎಂಬ ಮಾತಿಲ್ಲ. ‘ತಮಗೆ ಅಸಂತೋಷವುಂಟಾಗಿದ್ದಲ್ಲಿ’ ಎಂದಿದೆ. ‘ಆಗಬಾರದ್ದು ಆಗಿರುವ ಹಿನ್ನೆಲೆಯಲ್ಲಿ’ ಎಂದಿದೆ. ಹರಿದ ಚೀಲ ಮಾರಿದ ಅಂಗಡಿಗೆ ಇವು ಚೆನ್ನಾಗಿ ಹೊಂದುತ್ತವೆ. ತಂಗಿಯ ಕೈಯಿಂದ ಮೈಕು ತೆಗೆದುಕೊಂಡವನಿಗೆ ಹದಿನೈದನೆಯದು ಬೇಕು, ಅದನ್ನು ಯಾರೂ ನನಗೆ ಕಲಿಸಲಿಲ್ಲ. ಕಲಿಸಬೇಕಾದವನು ನಾನೇ ಆಗಿದ್ದೆ.

ನಾವಿರುವ ಕಟ್ಟಡದ ಮೆಟ್ಟಿಲುಗಳಿಗೆ ಹೋಗಿ ಅಭ್ಯಾಸ ಮಾಡಿದೆ. ನಗಬೇಡ, ಅಥವಾ ನಗು. ಐದನೆಯ ಮೆಟ್ಟಿಲ ಮೇಲೆ ನಿಂತೆ, ಮಾತು ಹರಿಯಿತು. ನಾಲ್ಕಕ್ಕೆ ಇಳಿದೆ, ಮಾತು ಸಣ್ಣದಾಯಿತು. ಮೂರು, ಎರಡು. ಮೊದಲನೆಯದಕ್ಕೆ ಬಂದಾಗ ಬಾಯಲ್ಲಿ ಏನೂ ಉಳಿದಿರಲಿಲ್ಲ. ಕೆಳಗಿನ ಮನೆಯ ಹೆಂಗಸು ಕಸದ ಚೀಲ ಹಿಡಿದು ಹೋಗುತ್ತಿದ್ದವಳು, ಬೀಗದ ಕೈ ಕಳೆದುಕೊಂಡಿರಾ ಎಂದು ಕೇಳಿದಳು. ಹೌದು ಎಂದೆ. ಅವಳು ಪಾಪ, ಹತ್ತು ನಿಮಿಷ ನನ್ನ ಜೊತೆ ಹುಡುಕಿದಳು.

ಹರುಯೊ ಅದನ್ನು ಕಿಟಕಿಯಿಂದ ನೋಡಿದ್ದಾಳೆ. ಮೇಲೆ ಬಂದು ಕೂತು, ಅಭ್ಯಾಸಬಲದಿಂದ, ‘ಚಹಾ’ ಅಂದೆ. ನಲವತ್ತನಾಲ್ಕು ವರ್ಷದಿಂದ ನಾನು ಹಾಗೆಯೇ ಅನ್ನುವುದು. ಅವಳು ಎದ್ದಳು, ನಿಂತಳು, ಕೇಳಿದಳು: “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಎಷ್ಟನೇ ಮೆಟ್ಟಿಲು?”

ಮೊದಲನೆಯದೂ ಅಲ್ಲ, ಫುಸಾಯೆ. ಅದು ನೆಲಮಾಳಿಗೆ. ಊರಿನ ಗಿರಾಕಿಗಳಿಗೆ ಐದನೆಯ ಮೆಟ್ಟಿಲು, ಮನೆಯವಳಿಗೆ ನೆಲಮಾಳಿಗೆ. ನಡುವಿನ ಮೆಟ್ಟಿಲುಗಳಲ್ಲಿ ಜನ ಬದುಕುತ್ತಾರೆ ಎಂಬುದನ್ನೇ ನಾನು ಗಮನಿಸಿರಲಿಲ್ಲ. ಅವತ್ತು ಚಹಾ ಕುಡಿಯಲಾಗಲಿಲ್ಲ.

ಈಗ ಹೇಳಬೇಕಾದ್ದು. ಅವತ್ತು ನೀನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: “ಎಲ್ರೂ ಹೊಟ್ಟೆ ತುಂಬ ತಿಂದ್ಕೊಂಡು ಹೋಗಿ. ಬರೀ ಹೊಟ್ಟೇಲಿ ಹೋದ್ರೆ ಅವ್ರಿಗೆ ಆಗ್ತಿರ್ಲಿಲ್ಲ.” ಜನ ಅಳುತ್ತಿದ್ದರು. ನನ್ನ ಪಕ್ಕದಲ್ಲಿ ಅಂಗಡಿಯಿಂದ ಬಂದಿದ್ದ ನನ್ನ ಮೇಲಧಿಕಾರಿ ಕೂತಿದ್ದರು. ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಮಾತು ಕಲಿಸುವವನ ತಂಗಿ ಹೀಗೆ ಮಾತಾಡುತ್ತಾಳೆ ಎಂದುಕೊಂಡರೆ ಎಂಬ ನಾಚಿಕೆ ಬಂತು. ನಿನ್ನ ಬಗ್ಗೆ ನಾಚಿಕೆಪಟ್ಟೆ. ಅದಕ್ಕೇ ಎದ್ದೆ. ಹದ ತಪ್ಪಿದ್ದು ನಿನ್ನ ಮಾತಲ್ಲ. ರೈಲಿನಲ್ಲಿ ವಾಪಸು ಬರುವಾಗ ಆ ಮನುಷ್ಯ ಹೇಳಿದರು, ‘ನಿಮ್ಮ ತಂಗಿಯವರು ಕರೆದ ಹಾಗೆ ನನ್ನನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ, ನೀವು ಎದ್ದ ಮೇಲೆ ಉಣ್ಣಲು ಧೈರ್ಯವಾಗಲಿಲ್ಲ.’ ಆರು ವರ್ಷದಿಂದ ಇದನ್ನು ನಿನಗೆ ಬರೆಯಲಿಲ್ಲ. ಈಗ ಬರೆದಿದ್ದೇನೆ.

ಇನ್ನೊಂದು. ನಲವತ್ತೊಂದನೆಯ ಪುಟ ನೆಪ. ನೀನು ಕರೆದದ್ದು ನಿಜವೇ ಇರಬಹುದು ಎಂದು ಓದಿದ ಕ್ಷಣದಲ್ಲೇ ಅನ್ನಿಸಿತ್ತು. ಅವತ್ತು ಅಲ್ಲಿದ್ದವರೇ ಮತ್ತೆ ಅಲ್ಲಿರುತ್ತಾರೆ, ಅವರ ಮುಖ ನೋಡಬೇಕಾಗುತ್ತದೆ ಎಂದು ಹೆದರಿ ಪುಸ್ತಕದ ಹಿಂದೆ ಅಡಗಿದೆ. ಮನೆ ಬದಲಿಸಿದವರು ಪರದೆಯ ಹಿಂದೆ ಅಡಗುತ್ತಾರೆ ಎಂದು ಬರೆದಿದ್ದೆನಲ್ಲ, ನಾನು ಮನೆಯನ್ನೂ ಬದಲಿಸಿರಲಿಲ್ಲ.

ಕೆಳಗಿನ ಸಾಲನ್ನು ಒಂಬತ್ತು ಸಲ ಬರೆದು ಹೊಡೆದು ಹಾಕಿದ್ದೇನೆ. ಹಾಳೆ ತೂತಾಗುವ ಮುಂಚೆ ಬರೆಯುತ್ತೇನೆ.

ಮುಚ್ಚುವುದಕ್ಕೆ ಮುಂಚೆ ಬರಲಾ?

ಕುನಿಮಿತ್ಸು


ಒಕಾಯಾಮಾ
ಫೆಬ್ರವರಿ 25

ಫುಸಾಯೆ,

ನಿನ್ನಿಂದ ಉತ್ತರವಿಲ್ಲ. ಉತ್ತರ ಬಾರದಿದ್ದರೆ ಅದು ‘ಬೇಡ’ ಎಂದು ನನ್ನ ಕೈಪಿಡಿಯಲ್ಲಿದೆ. ಹಾಗೆಂದು ಹರುಯೊಗೆ ಹೇಳಿದ್ದಕ್ಕೆ ಅವಳು ಆ ಕೈಪಿಡಿಯನ್ನು ತೆಗೆದುಕೊಂಡು ಹೋಗಿ ಉಪ್ಪಿನಕಾಯಿಯ ಪೀಪಾಯಿಯ ಮೇಲೆ ಭಾರಕ್ಕೆ ಇಟ್ಟಿದ್ದಾಳೆ. ಮೂಲಂಗಿ ಚೆನ್ನಾಗಿ ಕೂತಿದೆ. ಆ ಪುಸ್ತಕದಿಂದ ಇಷ್ಟು ಪ್ರಯೋಜನ ಹಿಂದೆಂದೂ ಆಗಿರಲಿಲ್ಲ.

ಮಾರ್ಚ್ 31ಕ್ಕೆ ಬರುತ್ತೇನೆ. ಬೇಡವೆಂದರೆ ಬರೆ. ಬರೆಯದಿದ್ದರೆ ಬರುತ್ತೇನೆ.

ಕುನಿಮಿತ್ಸು


ಕುರೆ
ಏಪ್ರಿಲ್ 2

ಹರುಯೊ ಅತ್ತಿಗೆಗೆ,

ಅಣ್ಣ ಕ್ಷೇಮವಾಗಿ ತಲುಪಿದ ಅಂತ ಫೋನಿನಲ್ಲಿ ಹೇಳಿದಿರಿ. ಹಣೆಯ ಮೇಲಿನ ಬುಗುಟು ಏನು ಅಂತ ಕೇಳಿದಿರಿ. ಕೇಳಿದರೆ ಅವನು ‘ಒಂದು ವಿನಂತಿಯ ಫಲ’ ಅಂತಷ್ಟೇ ಅನ್ನುತ್ತಾನಂತೆ. ಫೋನಿನಲ್ಲಿ ಹೇಳಲು ಆಗಲಿಲ್ಲ, ನಗು ಬಂದು ಮತ್ತೆ ಅಳು ಬಂದರೆ ಕಷ್ಟ. ಅದಕ್ಕೆ ಬರೆಯುತ್ತಿದ್ದೇನೆ.

ಬೇಡ ಅಂತ ನಾನು ಬರೆಯಲಿಲ್ಲ. ಬಾ ಅಂತಲೂ ಬರೆಯಲಿಲ್ಲ. ಒಂದು ಸಲ ಬರೆದು ಸಾಕಾಗಿತ್ತು.

ಮೂವತ್ತೊಂದಕ್ಕೆ ಮಧ್ಯಾಹ್ನ ಊರವರಿಗೆ ಊಟ ಹಾಕಿ, ಮೂರು ಗಂಟೆಗೆ ಕೊನೆಯ ಸಲ ಬಾಗಿಲ ಪರದೆ ತೂಗಿಸಿ ಸ್ನಾನಕ್ಕೆ ತೆರೆಯಬೇಕು ಅಂತಿದ್ದೆ. ಬೆಳಿಗ್ಗೆ ಬಾಯ್ಲರ್ ಹಚ್ಚಿ, ಬಾಗಿಲ ಬೀಗ ತೆಗೆದಿಟ್ಟು ಕಾದೆ. ಹತ್ತಾಯಿತು, ಹತ್ತೂವರೆ ಆಯಿತು. ಬರಲಿಲ್ಲ ಅಂದುಕೊಂಡೆ. ಅವನಿಗೆಂದು ತೆಗೆದಿಟ್ಟಿದ್ದ ಬಟ್ಟಲನ್ನು ಮತ್ತೆ ಒಳಗಿಟ್ಟೆ ಅತ್ತಿಗೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಕುವಾದಾ ಮೀನುಂಡೆ ತಂದವರು ಹೊರಗಿನಿಂದಲೇ ಕೂಗಿದರು: “ಫುಸಾಯೆಮ್ಮ, ಬಾಗಿಲಲ್ಲಿ ಯಾರೋ ಕೋಟು ಹಾಕ್ಕೊಂಡು ನಿಂತಿದ್ದಾರೆ, ಬೊಂಬೆ ಥರ.”

ಒಂಬತ್ತೂವರೆಗೇ ಬಂದಿದ್ದಾನೆ. ಬಾಗಿಲಿಗೆ ‘ಸಿದ್ಧತೆ ನಡೆಯುತ್ತಿದೆ’ ಅನ್ನುವ ಹಲಗೆ ನೇತಾಡುತ್ತಿತ್ತಲ್ಲ, ದಿನಾ ಇರುತ್ತದೆ, ನನಗೆ ಅದರ ನೆನಪೂ ಇಲ್ಲ. ಇವನು ಅದನ್ನು ಓದಿ, ಬಟ್ಟೆಯಲ್ಲಿ ಕಟ್ಟಿದ ಸಿಹಿತಿಂಡಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಿದ್ಧತೆ ಮುಗಿಯಲಿ ಅಂತ ಒಂದು ಗಂಟೆ ನಿಂತಿದ್ದಾನೆ. ತಂಗಿಯ ಮನೆ. ತೆರೆದ ಬಾಗಿಲು. ಕುವಾದಾ ಅವನನ್ನು ಹೆಗಲು ಹಿಡಿದು ಒಳಗೆ ತಳ್ಳಿದರು.

ನಾನು ದುಡ್ಡು ಇಸಿದುಕೊಳ್ಳುವ ಎತ್ತರದ ಕಟ್ಟೆಯ ಮೇಲೆ ಕೂತಿದ್ದೆ. ಅವನು ಬಾಯಿ ತೆರೆದ. ಋತುವಿನಿಂದ ಶುರುಮಾಡುತ್ತಾನೆ ಅಂತ ಗೊತ್ತಿತ್ತು, ಚೆರ್ರಿ ಮೊಗ್ಗು ಅನ್ನುವಷ್ಟರಲ್ಲಿ ತಡೆದೆ. ನೀರು ಕಾದಿದೆ, ಮೊದಲ ನೀರು, ಹೋಗಿ ಇಳಿ ಅಂದೆ. ಹೋದ. ಈ ಸ್ನಾನಮನೆಯಲ್ಲಿ ನಲವತ್ತೊಂದು ವರ್ಷ ನಾನು ಎಲ್ಲರ ಆಮೇಲೆ ಮಿಂದವಳು. ಕೊನೆಯ ದಿನ ಮೊದಲ ನೀರು ನನಗೂ ಇರಲಿ ಅಂತ ನಾನೂ ಹೆಂಗಸರ ಕಡೆ ಹೋದೆ. ಬೇರೆ ಯಾರೂ ಇಲ್ಲ. ಮೇಲಿನ ಕಿಟಕಿಯಿಂದ ಬಿಸಿಲು ಬಿದ್ದು ಹಬೆ ಬೆಳ್ಳಗೆ ಕಾಣುತ್ತಿತ್ತು.

ಆ ಕಡೆ ಬಕೆಟ್ಟಿನ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಅತ್ತಿಗೆ, ನಿಮ್ಮ ಗಂಡ ಸಿಹಿತಿಂಡಿ ತಂದಿದ್ದ, ಕೋಟು ತಂದಿದ್ದ, ಸೋಪು ತಂದಿರಲಿಲ್ಲ. ನಡುಗೋಡೆಯ ಆಚೆಯಿಂದ ಶುರುವಾಯಿತು: ತಮ್ಮ ಸ್ನಾನಕ್ಕೆ ಭಂಗ ತರುವುದು ಅತ್ಯಂತ ಸಂಕೋಚದ ವಿಷಯವಾದರೂ, ತಮ್ಮಲ್ಲಿ ಹೆಚ್ಚುವರಿಯಾಗಿ ಸೋಪೇನಾದರೂ ಇರುವ ಪಕ್ಷದಲ್ಲಿ... ಮುಗಿಸಲಿಲ್ಲ. ಮುಗಿಸಬಾರದಲ್ಲ. ಬಟ್ಟೆ ಇಲ್ಲದೆ, ಒಬ್ಬನೇ, ಖಾಲಿ ಗೋಡೆಗೆ. ಬಗ್ಗಿ ನಮಸ್ಕಾರವನ್ನೂ ಮಾಡಿರುತ್ತಾನೆ, ನನಗೆ ಗೊತ್ತು.

ನಾನು ಉತ್ತರ ಕೊಡಲಿಲ್ಲ.

ಆಮೇಲೆ ಬೇರೆ ದನಿ ಬಂತು. ಚಿಕ್ಕವನಿದ್ದಾಗಿನ ದನಿ ಅನ್ನಲಾರೆ, ಎಪ್ಪತ್ತೊಂದರ ದನಿಯೇ. ಆದರೆ ಕುರೆ ಬಂದರಿನ ದನಿ, ನಮ್ಮಪ್ಪನ ದನಿ.

“ಫುಸಾಯೆ. ಅವತ್ತು ನಿನ್ನ ಕೈಯಿಂದ ಮೈಕ್ ಕಿತ್ಕೊಂಡೆ. ನಿನ್ ಬಗ್ಗೆ ನಾಚ್ಕೊಂಡೆ. ತಪ್ಪು ನಂದು. ಕ್ಷಮಿಸೇ.”

ಗೋಡೆ ಇದ್ದದ್ದು ಒಳ್ಳೆಯದಾಯಿತು. ಅವನ ಮುಖ ನನಗೆ ಕಾಣಲಿಲ್ಲ, ನನ್ನದು ಅವನಿಗೆ ಕಾಣಲಿಲ್ಲ. ಮುಖ ತೊಳೆದುಕೊಂಡೆ. ಎರಡು ಸಲ ತೊಳೆದುಕೊಂಡೆ.

“ಸೋಪು ಬೇಕೋ ಬೇಡ್ವೋ?” ಅಂದೆ.

“ಎಸಿಯೇ” ಅಂದ.

ಎಸೆದೆ. ಐವತ್ತೈದು ವರ್ಷವಾದರೂ ಕೈಗೆ ಆ ಗೋಡೆಯ ಎತ್ತರ ಮರೆತಿರಲಿಲ್ಲ. ಅವನ ಕೈಗೆ ಹಿಡಿಯುವುದು ಮರೆತಿತ್ತು. ಬುಗುಟಿನ ಕಥೆ ಇಷ್ಟೇ.

ಊಟದ ಮಾತನ್ನೂ ಹೇಳಿಬಿಡುತ್ತೇನೆ. ಅದೇ ಹಾಲು, ಅದೇ ಕೊಳದಪ್ಪಲೆ, ಸುಮಾರಾಗಿ ಅದೇ ಜನ. ಎಲ್ಲರೂ ಕೂತ ಮೇಲೆ ನಾನು ನಿಂತು ಅದೇ ಮಾತು ಹೇಳಿದೆ, ಹೊಟ್ಟೆ ತುಂಬ ತಿಂದುಕೊಂಡು ಹೋಗಿ ಅಂತ. ಹೇಳಿದ್ದೇ ತಡ, ಎಲ್ಲರ ಕಣ್ಣೂ ಅಣ್ಣನ ಕಡೆ ತಿರುಗಿತು. ಯಾರೂ ಮರೆತಿರಲಿಲ್ಲ ಅತ್ತಿಗೆ. ಕುವಾದಾ ತಡೆಯಲಾರದೆ ಹೇಳಿಯೇಬಿಟ್ಟರು: “ತಾಳಿ, ತಾಳಿ, ಈಗ ಮೇಷ್ಟ್ರು ಎದ್ದು ಅದನ್ನ ಸರಿಯಾಗಿ ಹೇಳ್ತಾರೆ.” ಯಾರೂ ನಗಲಿಲ್ಲ. ಅಣ್ಣನ ಮುಖ ಕಿವಿಯವರೆಗೂ ಕೆಂಪಾಯಿತು, ಬುಗುಟಿನ ಜಾಗ ಇನ್ನೂ ಕೆಂಪಾಗಿ ಬೇರೆಯಾಗಿ ಕಾಣುತ್ತಿತ್ತು. ಅವನು ಎದ್ದ. ಎದ್ದವನು ಬಟ್ಟಲು ತೆಗೆದುಕೊಂಡು, ಎಲ್ಲರ ಮಧ್ಯೆ ನಡೆದು ಬಂದು, ದಪ್ಪಲೆಯ ಮುಂದೆ ನಿಂತು ಬಟ್ಟಲನ್ನು ನನ್ನ ಮುಂದೆ ಹಿಡಿದ.

“ಹಾಕು. ಮೂಲಂಗಿ ಜಾಸ್ತಿ ಹಾಕು.”

ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಎರಡು ಗಂಟೆಗೆ ದಪ್ಪಲೆಯ ತಳ ಕಾಣುತ್ತಿತ್ತು. ಕೊನೆಯ ಮೊಟ್ಟೆಗೆ ಕುವಾದಾಗೂ ಅಣ್ಣನಿಗೂ ಜಗಳವಾಯಿತು. ಅಣ್ಣ ಅದನ್ನು ಬಹಳ ಕೀಳು ಮಾತಿನಲ್ಲಿ ಗೆದ್ದ.

ಮನೆಗೆ ಬಂದವನೇ ಅಡಿಗೆಮನೆಗೆ ಹೋಗಿ, ನಿಮಗೂ ಚಹಾ ಮಾಡ್ಲಾ ಅಂತ ಕೇಳಿದ, ಎಲೆ ಎಲ್ಲಿದೆ ಅಂತ ಗೊತ್ತಿಲ್ಲದೆ ಅರ್ಧ ಗಂಟೆ ಡಬ್ಬಿ ತೆರೆದು ತೆರೆದು ನೋಡಿದ ಅಂದಿರಲ್ಲ. ತೋರಿಸಬೇಡಿ. ಹುಡುಕಲಿ. ಹುಡುಕಿ ಮಾಡಿದ್ದು ಕಡುವಾಗಿದ್ದರೂ ಕುಡಿಯಿರಿ.

ನಿಮ್ಮ ನಾದಿನಿ,
ಫುಸಾಯೆ


ಕುರೆ
ಏಪ್ರಿಲ್ 16

ಅಣ್ಣನಿಗೆ,

ಸ್ನಾನಮನೆ ತೊಳೆದು ಮುಗಿಸಿದೆ. ಎಲ್ಲ ಬಕೆಟ್ಟು ಎತ್ತಿ ನೋಡಿದರೂ ನನ್ನ ಸೋಪು ಸಿಗಲಿಲ್ಲ. ನಿನ್ನ ಟವೆಲ್ಲಿನ ಜೊತೆ ನಿನ್ನ ಚೀಲಕ್ಕೇ ಹೋಗಿದೆ.

ತಂದುಕೊಡು.

ಈ ಕಡೆಗೆ ಬರುವ ಸಂದರ್ಭ ಒದಗಿದಾಗ ಅಲ್ಲ. ಭಾನುವಾರ.

ಫುಸಾಯೆ